ಫಿರಂಗಿಯ ಕೊಂಡಿಗೆ ದೊಡ್ಡಪ್ಪನ ಉರಿ

ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೊಗೆಸೊಪ್ಪು ಕಟ್ಟುತ್ತ ಕೂತಿದ್ದ ಹೆಂಗಸರೆಲ್ಲ ಕೇಳುವಂತೆ ಎಂದರು. ಆ ವರ್ಷ ನಾನು ಪಿಯುಸಿ ಪಾಸಾಗಿದ್ದೆ. ಇಂಜಿನಿಯರಿಂಗ್ ಸೀಟಿಗೆ ಬರೆದ ಪರೀಕ್ಷೆಯ ಫಲಿತಾಂಶ ಬಂದಿತ್ತು. ಮೈಸೂರಿನ ಒಂದು ಕಾಲೇಜಿನಲ್ಲಿ ಸರ್ಕಾರಿ ಸೀಟು ಸಿಗುವಷ್ಟು ಒಳ್ಳೆಯ ರ‍್ಯಾಂಕು. ಸುದ್ದಿ ಓದಿ ಹೇಳಿದಾಗ ನನ್ನ ಬೆರಳುಗಳ ತುಂಬ ಹಸಿ ಸೊಪ್ಪಿನ ಕಪ್ಪು ಅಂಟು, ಫೋನಿನ ಗಾಜಿನ ಮೇಲೂ ಅದೇ ಅಂಟು.

"ಇಂಜಿನಿಯರಾ?" ಎಂದರು ದೊಡ್ಡಪ್ಪ. "ನಮ್ಮ ಮನೆ ಎಣ್ಣು ಮಗ ಇಂಜಿನಿಯರ್ ಆಗದು ಇವತ್ತಿಗೂ ಇಲ್ಲ, ನಾಳೀಕೂ ಇಲ್ಲ ಕಣವ್ವ. ಮೈಸೂರ್ ಬಸ್ ಅತ್ಕೊಂಡು ಓಗು, ಯಾರ್ ಬ್ಯಾಡ ಅಂದರು? ಆರ್ ತಿಂಗ್ಳು. ಅಷ್ಟ್ರೊಳ್ಗೆ ಬಂದು ಇದೇ ಜಾಗದಲ್ಲಿ ಕುಂತ್ಕಂಡು ಸೊಪ್ಪು ಕಟ್ಟದೆ ವೋದ್ರೆ ನಾನು ಮೀಸೆ ಬೋಳಿಸ್ಕತೀನಿ."

ಹೆಂಗಸರು ನಕ್ಕರು. ಪಕ್ಕದಲ್ಲಿ ಕೂತಿದ್ದವಳು, "ಇಂಜಿನಿಯರಮ್ಮ, ಆ ಕಡ್ಡಿ ಇತ್ಲಾಗ್ ಕೊಡವ್ವ" ಎಂದಳು. ಅವತ್ತಿನಿಂದ ಆ ಹೆಸರೇ ನಿಂತಿತು. ಆಮೇಲೆ ದೊಡ್ಡಪ್ಪ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ.

ಅಪ್ಪ ಒಲೆಯ ಬಾಯಿಗೆ ಸೌದೆ ಒಡ್ಡುತ್ತಿದ್ದರು. ತಲೆ ಎತ್ತಲಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಬ್ಯಾರನ್ ಎಂದರೆ ಏನೆಂದು ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಒಳಗೆ ನೆಲದ ಮೇಲೆ ತಗಡಿನ ಕೊಳವೆಗಳು, ಹೊರಗೆ ಒಲೆ. ಕಡ್ಡಿಗೆ ಕಟ್ಟಿದ ಎಲೆಯನ್ನು ಅಟ್ಟಣಿಗೆಯ ಮೇಲೆ ಸಾಲು ಸಾಲಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ಹಗಲೂ ಇರುಳೂ ಉರಿ ಕೊಡಬೇಕು. ಉರಿ ಮೊದಲು ಮೆಲ್ಲಗೆ, ಎಲೆ ಹಳದಿಯಾಗಲು; ಆಮೇಲೆ ಜೋರು, ಎಲೆಯ ದಂಟು ಒಣಗಲು. ಒಳಗೆ ತೂಗುವ ಥರ್ಮಾಮೀಟರನ್ನು ಸಣ್ಣ ಗಾಜಿನ ಕಿಂಡಿಯಲ್ಲಿ ನೋಡುತ್ತಿರಬೇಕು. ಉರಿ ತಪ್ಪಿದರೆ ಸೊಪ್ಪು ಕಪ್ಪಾಗುತ್ತದೆ, ಇಡೀ ಬ್ಯಾರನ್ ಹಾಳು. ಆ ಉರಿ ಕಾಯುವವರು ನಮ್ಮಪ್ಪ. ಜಮೀನು ಭಾಗವಾಗಿರಲಿಲ್ಲ, ಹೊಗೆಸೊಪ್ಪು ಬೆಳೆಯುವ ಲೈಸೆನ್ಸು ಇದ್ದದ್ದು ದೊಡ್ಡಪ್ಪನ ಹೆಸರಿನಲ್ಲಿ. ಹಾಗಾಗಿ ಬ್ಯಾರನ್ ದೊಡ್ಡಪ್ಪನದು, ಒಲೆ ಅಪ್ಪನದು.

ಕಾಲೇಜಿಗೆ ಸೇರಿಸಲು ಅಪ್ಪ ಬರಬೇಕಾಗಿತ್ತು. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಹೊರಟೇ ಬಿಟ್ಟಿದ್ದರು. ದೊಡ್ಡಪ್ಪ ಜಗಲಿಯಲ್ಲಿ ಕೂತು ಬೀಡಿ ಹಚ್ಚುತ್ತ, "ಸೊಪ್ಪು ಬಣ್ಣ ತಿರುಗೋ ವೊತ್ತು. ಎತ್ಲಾಗ್ ಒಂಟೆ?" ಎಂದರು. ಅಷ್ಟೇ ಮಾತು. ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಒಲೆಯ ಕಡೆ ಹೋದರು. ಅವ್ವ ನನ್ನ ಜೊತೆ ಗಾವಡಗೆರೆಯವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಕಾಲೇಜಿನ ಗುಮಾಸ್ತನ ಮುಂದೆ ಪೋಷಕರು ಎಂಬ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು. ಗುಮಾಸ್ತ ಶಾಯಿಯ ಡಬ್ಬಿ ಹುಡುಕಲು ಬಹಳ ಹೊತ್ತು ತೆಗೆದುಕೊಂಡ. ಸಾಲಿನಲ್ಲಿ ಹಿಂದೆ ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ನನಗೆ ಓದಿನ ಮೇಲೆ ಪ್ರೀತಿ ಇತ್ತು ಎಂದು ಯಾರಾದರೂ ಬರೆದರೆ ನಂಬಬೇಡಿ. ನನಗಿದ್ದದ್ದು ಸೇಡು. ಹಾಸ್ಟೆಲಿನಲ್ಲಿ ನಿದ್ದೆ ಬಂದಾಗ ಆ ನಗು ಕೇಳಿಸಿಕೊಳ್ಳುತ್ತಿದ್ದೆ, ನಿದ್ದೆ ಹೋಗುತ್ತಿತ್ತು. ಗಣಿತ ಅರ್ಥವಾಗದಿದ್ದಾಗ ಬೀಡಿಯ ಹೊಗೆ ನೆನೆಸಿಕೊಳ್ಳುತ್ತಿದ್ದೆ, ಅರ್ಥವಾಗುವ ತನಕ ಏಳುತ್ತಿರಲಿಲ್ಲ. ನನಗಿಂತ ಎರಡು ವರ್ಷ ಮೊದಲು ದೊಡ್ಡಪ್ಪ ತಮ್ಮ ಮಗನನ್ನು ದುಡ್ಡು ಕೊಟ್ಟು ಬೇರೊಂದು ಕಾಲೇಜಿಗೆ ಸೇರಿಸಿದ್ದರು. ಅವನು ಮಧ್ಯದಲ್ಲೇ ಬಿಟ್ಟು ಬಂದ. ಅದನ್ನು ಯಾರೂ ಬ್ಯಾರನ್ ಮುಂದೆ ಆಡಿಕೊಳ್ಳಲಿಲ್ಲ. "ಓದು ಅವನ ತಲೇಗ್ ಸಾಲಕಿಲ್ಲ, ಕೈ ಚುರುಕು" ಎಂದು ಬಿಟ್ಟರು. ನಾನು ನಾಲ್ಕು ವರ್ಷವೂ ಫಸ್ಟ್ ಕ್ಲಾಸು. ನಮ್ಮ ಮನೆಯ ಏಳು ತಲೆಮಾರಿನಲ್ಲಿ ಪದವಿ ಎಂಬುದನ್ನು ಮುಟ್ಟಿದವಳು ನಾನೊಬ್ಬಳೇ. ಘಟಿಕೋತ್ಸವಕ್ಕೂ ಅಪ್ಪ ಬರಲಿಲ್ಲ. ಅವತ್ತೂ ಒಲೆ ಉರಿಯುತ್ತಿತ್ತು.

ಕೆಲಸ ಸಿಕ್ಕಿದ್ದು ಸೇನೆಗೆ ಹೋಗುವ ಸಾಮಾನನ್ನು ತಪಾಸಣೆ ಮಾಡುವ ಒಂದು ಸಂಸ್ಥೆಯಲ್ಲಿ. ನನ್ನನ್ನು ಹಾಕಿದ್ದು ಒಂದು ಫಿರಂಗಿಯ ಮದ್ದುಗುಂಡಿನ ವಿಭಾಗಕ್ಕೆ. ಮೂವತ್ತು ಮಿಲಿಮೀಟರಿನ ಫಿರಂಗಿ ಅದು. ಸೈನಿಕರನ್ನು ಒಳಗೆ ಕೂರಿಸಿಕೊಂಡು ಹೋಗುವ ಉಕ್ಕಿನ ಕವಚದ ವಾಹನವಿರುತ್ತದಲ್ಲ, ಅದರ ನೆತ್ತಿಯ ಮೇಲಿನ ತಿರುಗುವ ಗೋಪುರದಲ್ಲಿ ಕೂರುತ್ತದೆ. ಹಳೆಯ ಫಿರಂಗಿಯ ಹಾಗೆ ಒಂದು ಗುಂಡು ತುಂಬಿ, ಒಂದು ಹೊಡೆದು, ಮತ್ತೆ ತುಂಬುವುದಲ್ಲ. ಗುಂಡಿ ಒತ್ತಿ ಹಿಡಿದರೆ ಹೊಡೆಯುತ್ತಲೇ ಇರುತ್ತದೆ. ಸಿಡಿದ ಗುಂಡಿನ ಹೊಗೆಯ ಒತ್ತಡವೇ ಮುಂದಿನ ಗುಂಡನ್ನು ಎಳೆದು ತರುತ್ತದೆ. ಒಂದೊಂದು ಗುಂಡೂ ಮೊಳಕೈಯಿಂದ ಮಣಿಕಟ್ಟಿನಷ್ಟು ಉದ್ದ, ಒಂದು ಕೆಜಿಗೆ ಹತ್ತಿರದ ಭಾರ. ಎಡಬಲಕ್ಕೆ ಎರಡು ಸರಗಳಿರುತ್ತವೆ. ಒಂದರಲ್ಲಿ ಕವಚ ತೂರಿಕೊಂಡು ಹೋಗುವ ಗುಂಡು, ಇನ್ನೊಂದರಲ್ಲಿ ಬಿದ್ದ ಕಡೆ ಸಿಡಿಯುವ ಗುಂಡು. ಎದುರು ವಾಹನ ಕಂಡರೆ ಅದು, ಮರಳು ಮೂಟೆಯ ಹಿಂದೆ ಆಳು ಕಂಡರೆ ಇದು. ಒಳಗೆ ಕೂತವನು ಒಂದು ಸ್ವಿಚ್ಚು ತಿರುಗಿಸಿದರೆ ಸಾಕು.

ತರಬೇತಿಯ ಸಮಯದಲ್ಲಿ ಒಮ್ಮೆ ಅದನ್ನು ಹೊಡೆಸಿ ತೋರಿಸಿದರು. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರೂ ಸದ್ದು ಎದೆಗೂಡಿಗೆ ಬಂದು ಬಡಿಯಿತು. ಧಡ್ ಧಡ್ ಧಡ್ ಎಂದು ಮೂರು, ಒಂದು ಗಳಿಗೆ ಸುಮ್ಮನೆ, ಮತ್ತೆ ಮೂರು. ದೂರದ ದಿಬ್ಬದಲ್ಲಿ ಕೆಂಪು ಮಣ್ಣು ಎದ್ದಿತು. ಬೇರೆಯವರೆಲ್ಲ ದಿಬ್ಬ ನೋಡುತ್ತಿದ್ದರು. ನಾನು ಗೋಪುರದ ಪಕ್ಕದಿಂದ ಉದುರುತ್ತಿದ್ದ ಉಕ್ಕಿನ ಚೂರುಗಳನ್ನು ನೋಡುತ್ತಿದ್ದೆ. ಅವೇ ಕೊಂಡಿಗಳು. ಒಂದು ಗುಂಡನ್ನು ಅಪ್ಪಿ ಹಿಡಿದು ಪಕ್ಕದ ಗುಂಡಿಗೆ ಸೇರಿಸುವ ಬಾಗಿದ ತಗಡು. ಗುಂಡು ಹಾರಿದ ಮೇಲೆ ಕೊಂಡಿಗೆ ಕೆಲಸವಿಲ್ಲ, ಕಸದ ಹಾಗೆ ಹೊರಗೆ ಬೀಳುತ್ತದೆ. ಆದರೆ ಅದಕ್ಕಿಂತ ಮೊದಲು, ಅಷ್ಟು ಭಾರದ ಸರವನ್ನು ಫಿರಂಗಿ ರಪ್ಪನೆ ಎಳೆಯುವಾಗ, ಎಲ್ಲ ಜಗ್ಗಾಟವೂ ಕೊಂಡಿಯ ಮೇಲೆ. ಒಂದು ಕೊಂಡಿ ಮುರಿದರೆ ಸರ ತುಂಡು, ಫಿರಂಗಿ ಮೂಕ. ಎದುರಿನವನ ಫಿರಂಗಿ ಮೂಕವಾಗಿರುವುದಿಲ್ಲ.

"ಆ ಗಳಿಗೆಯಲ್ಲಿ ಒಳಗಿರೋ ಹುಡುಗರನ್ನ ನೆನೆಸಿಕೊಂಡು ಸಹಿ ಹಾಕಿ" ಎಂದು ನಮ್ಮ ಮೇಲಧಿಕಾರಿ ಅವತ್ತು ಹೇಳಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಹೆಚ್ಚು ಮಾತಾಡುವವರಲ್ಲ.

ಇನ್ನು ದೊಡ್ಡಪ್ಪನ ಮಗನ ವಿಷಯ. ಕೈ ಚುರುಕು ಎಂದದ್ದು ಸುಳ್ಳಾಗಿರಲಿಲ್ಲ. ಹುಣಸೂರಿನ ಹೊರಗೆ ಶೆಡ್ಡು ಹಾಕಿ, ಪ್ರೆಸ್ಸು ಇಟ್ಟು, ತಗಡು ಕತ್ತರಿಸಿ ಬಾಗಿಸುವ ಕೆಲಸ ಮಾಡುತ್ತಿದ್ದ. ಮೊದಲು ಟ್ರ್ಯಾಕ್ಟರಿನ ಬಿಡಿಭಾಗ. ಆಮೇಲೆ ಒಂದು ದೊಡ್ಡ ಕಂಪನಿಯಿಂದ ಅವನಿಗೆ ಒಳಗುತ್ತಿಗೆ ಬಂತು, ಏನಕ್ಕೆಂದರೆ ಇದೇ ಫಿರಂಗಿಯ ಕೊಂಡಿಗೆ. ಮೊದಲ ಲಾಟು, ಅಂದರೆ ಮೊದಲ ಕಂತಿನ ಮಾಲು, ತಯಾರಾಗಿದೆ, ತಪಾಸಣೆಗೆ ಬನ್ನಿ ಎಂಬ ಕೋರಿಕೆ ನಮ್ಮ ಕಚೇರಿಗೆ ಬಂದಾಗ ಶೆಡ್ಡಿನ ಹೆಸರು ನೋಡಿದೆ. ದೊಡ್ಡಪ್ಪನ ಹೆಸರೇ.

ನೇರವಾಗಿ ಮೇಲಧಿಕಾರಿಯ ಬಳಿ ಹೋಗಿ, "ಸರ್, ಇವರು ನನ್ನ ದೊಡ್ಡಪ್ಪನ ಮಗ" ಎಂದೆ.

"ಬೇರೆಯವರನ್ನ ಕಳಿಸಲಾ?"

"ಬೇಡ ಸರ್. ನಾನೇ ಹೋಗಬೇಕು."

ಅವರು ಕನ್ನಡಕದ ಮೇಲಿಂದ ನೋಡಿದರು. "ನೆಂಟಸ್ತನಕ್ಕಾ, ಜಗಳಕ್ಕಾ?"

"ಜಗಳಕ್ಕೆ."

"ಹಾಗಾದ್ರೆ ನಾನೂ ಬರ್ತೀನಿ. ಇಬ್ಬರ ಸಹಿ ಇರಲಿ."

ಹೋದೆವು. ಸೊಪ್ಪಿನ ಕಾಲ ಮುಗಿದು ದಾರಿಯುದ್ದಕ್ಕೂ ಬ್ಯಾರನ್ನುಗಳು ಖಾಲಿ ನಿಂತಿದ್ದವು. ಶೆಡ್ಡಿನ ಬಾಗಿಲಲ್ಲಿ ದೊಡ್ಡಪ್ಪನ ಮಗ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ನನ್ನನ್ನು ನೋಡಿ ಬಾಯಿ ಬಿಟ್ಟ, ಪಕ್ಕದಲ್ಲಿದ್ದ ನಮ್ಮ ಸಾಹೇಬರನ್ನು ನೋಡಿ ಮುಚ್ಚಿದ. "ಬನ್ನಿ ಸಾರ್. ಬನ್ನಿ... ಮೇಡಮ್." ಚಿಕ್ಕವಳಿದ್ದಾಗ ನನ್ನ ಜಡೆ ಹಿಡಿದು ಎಳೆಯುತ್ತಿದ್ದವನ ಬಾಯಿಂದ ಆ ಮಾತು ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ಸಾಕಾಗಲಿಲ್ಲ.

ಕೊಂಡಿಗಳನ್ನು ನೋಡಿದೆ. ನೋಡಿ ಬೇಸರವಾಯಿತು, ಏಕೆಂದರೆ ಚೆನ್ನಾಗಿದ್ದವು. ಗೇಜಿಗೆ ಹಾಕಿದರೆ ಅಳತೆ ಸರಿ. ಅಂಚಿನಲ್ಲಿ ಮುಳ್ಳಿಲ್ಲ. ತುಕ್ಕು ಹಿಡಿಯದಿರಲು ಕೊಟ್ಟ ಸತುವಿನ ಲೇಪ ನುಣ್ಣಗೆ, ಬೆಳ್ಳಿಯ ಹಾಗೆ. ಗಟ್ಟಿತನ ಸರಿ. ಸಾಹೇಬರು ಒಂದೊಂದಾಗಿ ನೋಡಿ ತಲೆಯಾಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದಾದರೂ ತಪ್ಪು ಸಿಗಲಿ ಎಂದು ಬೇಡಿಕೊಳ್ಳುವ ಹಾಗಾಗಿತ್ತು. ಈ ಮನೆಯವರಿಗೆ ನನ್ನ ಕೈಯಿಂದಲೇ ಪಾಸು ಬರೆದುಕೊಡಬೇಕಾಗುತ್ತದಲ್ಲ ಎಂದು ಹಲ್ಲು ಕಡಿದುಕೊಂಡೆ.

ಆಗ ಹೊಸದೊಂದು ಡಬ್ಬ ತೆರೆದರು. ಮುಚ್ಚಳ ಎತ್ತಿದ ಕೂಡಲೆ ನನ್ನ ಮೂಗಿಗೆ ಬಂತು. ಒಂದು ಕೊಂಡಿ ತೆಗೆದು ಮೂಗಿನ ಹತ್ತಿರ ಹಿಡಿದೆ. ಸಿಹಿ, ಒಗರು, ಬೆಲ್ಲ ಸೀದ ಹಾಗೆ, ಜೊತೆಗೆ ಹಳೆಯ ಮಸಿ. ಹದಿನೆಂಟು ವರ್ಷ ಆ ವಾಸನೆಯಲ್ಲಿ ಮಲಗಿ ಎದ್ದವಳು ನಾನು. ಖಾಲಿ ಬ್ಯಾರನ್ನಿನ ಗೋಡೆಗೆ ಒಳಗಿಂದ ಬಿಸಿ ತಾಗಿದರೆ ಅದೇ ವಾಸನೆ ಬಿಡುತ್ತದೆ.

"ಲೇಪ ಆದ ಮೇಲೆ ಇದನ್ನ ಎಲ್ಲಿ ಬೇಯಿಸಿದ್ದು?" ಎಂದು ಕೇಳಿದೆ.

"ಓವನ್ನಲ್ಲಿ, ಮೇಡಮ್." ಮೂಲೆಯಲ್ಲಿದ್ದ ಓವನ್ ತೋರಿಸಿದ. ಅದರ ಬಾಗಿಲ ಮೇಲೆ ದೂಳು ಕೂತಿತ್ತು.

ಈ ಬೇಯಿಸುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸತುವಿನ ಲೇಪ ಕೊಡುವ ಮೊದಲು ಉಕ್ಕನ್ನು ಆಮ್ಲದಲ್ಲಿ ಅದ್ದುತ್ತಾರೆ, ಆಮೇಲೆ ಕರೆಂಟು ಹರಿಸುತ್ತಾರೆ. ಆ ಹೊತ್ತಿನಲ್ಲಿ ಜಲಜನಕ ಉಕ್ಕಿನೊಳಗೆ ನುಸುಳಿ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಳತೆ ಬದಲಾಗುವುದಿಲ್ಲ. ಆದರೆ ಕೊಂಡಿಯಂಥ ಬಿಗಿಯಾದ ಉಕ್ಕು ಅದರಿಂದ ಒಳಗೊಳಗೇ ಹಪ್ಪಳದ ಹಾಗೆ ಪೆಡಸಾಗುತ್ತದೆ. ಎಳೆತ ಬಿದ್ದರೆ ತಕ್ಷಣ ಮುರಿಯದೆ, ಕೆಲವು ಗಂಟೆ ತಡೆದು, ಟಪ್ಪನೆ ಮುರಿಯುತ್ತದೆ. ಅದಕ್ಕೇ ಲೇಪವಾದ ಕೂಡಲೆ ಓವನ್ನಿನಲ್ಲಿ ಚೆನ್ನಾಗಿ ಬೇಯಿಸಿ ಆ ಜಲಜನಕವನ್ನು ಓಡಿಸಬೇಕು. ಬೇಯಿಸಿದ ಕೊಂಡಿ, ಬೇಯಿಸದ ಕೊಂಡಿ ನೋಡಲು ಒಂದೇ.

ಸಾಹೇಬರನ್ನು ಪಕ್ಕಕ್ಕೆ ಕರೆದು, "ಸರ್, ಇದು ಬ್ಯಾರನ್ ವಾಸನೆ" ಎಂದೆ. ಅವರು ಮೂಸಿ ನೋಡಿದರು. ಎರಡು ಸಲ ನೋಡಿದರು.

"ನನಗೇನೂ ಬರ್ತಿಲ್ಲಮ್ಮ. ವಾಸನೆ ಅಂತ ಬರೆದು ತಿರಸ್ಕಾರ ಮಾಡಕ್ಕಾಗುತ್ತಾ?"

"ಆಗಲ್ಲ. ಸರಳಿಗೆ ಹಾಕಿ ಒಂದು ದಿನ ಬಿಡೋಣ."

ಆ ಪರೀಕ್ಷೆ ನಿಯಮದಲ್ಲಿತ್ತು, ಅನುಮಾನ ಬಂದರೆ ಮಾಡಬಹುದು ಎಂದು. ಗುಂಡಿಗಿಂತ ಸ್ವಲ್ಪ ದಪ್ಪನೆಯ ಉಕ್ಕಿನ ಸರಳಿಗೆ ಕೊಂಡಿಯನ್ನು ಬಿಗಿಯಾಗಿ ತೊಡಿಸಿ, ಮಾರನೆಯ ದಿನದವರೆಗೆ ಹಾಗೇ ಬಿಡುವುದು. ಒಂದು ದಿನ ಹಾಳಾಗುತ್ತದೆಂದು ಯಾರೂ ಮಾಡುವುದಿಲ್ಲ.

ಸಾಹೇಬರು ಕೊಂಡಿಯನ್ನು ಡಬ್ಬಕ್ಕೆ ಹಾಕಿ ಕೇಳಿದರು. "ಇದು ಅನುಮಾನನಾ, ಸೇಡಾ?"

"ಎರಡೂ ಸರ್. ಅನುಮಾನ ಸುಳ್ಳಾದರೆ ಸೇಡು ನುಂಗಿಕೊಂಡು ಪಾಸು ಬರೆದುಕೊಡ್ತೀನಿ."

"ಹಾಕಿಸಿ" ಎಂದರು.

ಬೇರೆ ಬೇರೆ ಡಬ್ಬಗಳಿಂದ ನಾನೇ ಕೊಂಡಿ ಆರಿಸಿದೆ, ನನ್ನ ಮುಂದೆಯೇ ಸರಳಿಗೆ ತೊಡಿಸಿದರು. ಪೆಟ್ಟಿಗೆಗೆ ನಮ್ಮ ಬೀಗ, ನಮ್ಮ ಮುದ್ರೆ. ದೊಡ್ಡಪ್ಪನ ಮಗನ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. "ಊಟ ಮಾಡ್ಕೊಂಡ್ ವೋಗಿ ಮೇಡಮ್, ನಾಟಿಕೋಳಿ ಮಾಡ್ಸಿವ್ನಿ" ಎಂದ. ನಾವು ಊಟದ ಬುತ್ತಿ ಕಟ್ಟಿಕೊಂಡು ಬಂದಿದ್ದೆವು.

ಮೈಸೂರಿಗೆ ವಾಪಸು ಬಂದೆ. ಸಂಜೆ ಅವ್ವ ಫೋನು ಮಾಡಿದಳು. ಅವ್ವ ಕೆ.ಆರ್. ನಗರದ ಕಡೆಯವಳು, ಗದ್ದೆ ಬಯಲಿನ ಹೆಣ್ಣು, ಮಾತು ಬಚ್ಚಿಡುವವಳಲ್ಲ.

"ಏನೇ, ನಿಮ್ ದೊಡ್ಡಪ್ಪ ಊರೆಲ್ಲ ಡಂಗುರ ವೊಡೀತಾವ್ರೆ. ಸರ್ಕಾರದ ಸೀಲು ನಮ್ ಮನೇಲೇ ಅದೆ, ನಮ್ ಎಣ್ಣು ಮಗ್ಳು ವೊತ್ತಿ ಕೊಡ್ತಾಳೆ, ಯಾರಪ್ಪನ್ ಭಯ ಅಂತ."

"ಈಗ ನಾನು ಅವರ ಮನೆ ಹೆಣ್ಣು ಮಗಳಾದೆನಾ?"

"ಆದೆ. ಇಂಜಿನಿಯರಮ್ಮ ಅನ್ನಾದು ಬುಟ್ಟು, ನಮ್ ಮಗ ನಮ್ ಮಗ ಅಂತಾವ್ರೆ. ನಂಗೆ ಮೈಯೆಲ್ಲ ಉರ್ದೋಯ್ತು."

"ಅವ್ವ, ಬ್ಯಾರನ್ನಿಗೆ ಈಗೇನಾದರೂ ಉರಿ ಹಾಕಿದ್ದರಾ? ಸೊಪ್ಪಿಲ್ಲದ ಕಾಲದಲ್ಲಿ?"

"ಅದ್ನ ನನ್ ಬಾಯಲ್ಲಿ ಯಾಕ್ ಕೇಳ್ತೀಯೆ? ನಿಮ್ಮಪ್ಪನ್ ಕಣ್ ನೋಡಿದ್ರೆ ಗೊತ್ತಾಯ್ತದೆ. ಕೆಂಡದಂಗ್ ಆಗವೆ." ಆಮೇಲೆ ದನಿ ತಗ್ಗಿಸಿದಳು. "ನೀನ್ ಏನ್ ಮಾಡೀಯೆ?"

"ನಾಳೆ ಕೊಂಡಿ ಮುರಿದಿದ್ದರೆ ಮುರಿದಿದೆ ಅಂತ ಬರೀತೀನಿ. ಮುರಿಯದಿದ್ದರೆ ಸೀಲು ಒತ್ತಿ ಬರ್ತೀನಿ."

"ಮುರೀಲಿ ಬುಡು" ಎಂದಳು ಅವ್ವ.

ಮಾರನೆಯ ದಿನ ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಹೋದಾಗ ಬಾಗಿಲಲ್ಲೇ ದೊಡ್ಡಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗರಿಗರಿ ಪಂಚೆ, ಹೆಗಲ ಮೇಲೆ ಟವೆಲು, ತಿದ್ದಿದ ಮೀಸೆ. ಅವರ ಹಿಂದೆ ಅಪ್ಪ ನಿಂತಿದ್ದರು. ಅಪ್ಪನಿಗೆ ಕುರ್ಚಿ ಇರಲಿಲ್ಲ. ಕೇಳಿಯೂ ಇರಲಿಲ್ಲ ಎಂದು ನನಗೆ ಗೊತ್ತು. ಅವ್ವ ಹೇಳಿದ್ದು ನಿಜ, ಕಣ್ಣು ಕೆಂಪಗಿದ್ದವು.

"ಬಾ ಮಗ" ಎಂದರು ದೊಡ್ಡಪ್ಪ, ಅಷ್ಟು ವರ್ಷದ ಮೇಲೆ. "ನೆನ್ನೆ ಮನೇಗ್ ಬರ್ದೆ ಅಂಗೇ ವೊಂಟೋದೆಯಂತೆ? ಸಾಹೇಬ್ರೆ, ನಮ್ ತಮ್ಮನ್ ಮಗ್ಳು. ನಾವೇ ಓದ್ಸಿದ್ದು."

ಅಪ್ಪ ನೆಲ ನೋಡಿದರು. ನಾನು ಒಳಗೆ ಹೋಗಿ ಮುದ್ರೆ ನೋಡಿ, ಬೀಗ ತೆಗೆದು, ಪೆಟ್ಟಿಗೆಯ ಮುಚ್ಚಳ ಎತ್ತಿದೆ.

ಸರಳಿನ ಕೆಳಗಿನ ತಟ್ಟೆಯ ತುಂಬ ಚೂರುಗಳು. ಅರ್ಧಕ್ಕೆ ಹತ್ತಿರದಷ್ಟು ಕೊಂಡಿಗಳು ಸರಳಿನಿಂದ ಸಿಡಿದು ಬಿದ್ದಿದ್ದವು. ಇನ್ನೂ ಸರಳಿನ ಮೇಲಿದ್ದವುಗಳಲ್ಲಿ ಕೂದಲೆಳೆಯಂಥ ಬಿರುಕು. ನಾವು ನೋಡುತ್ತಿದ್ದ ಹಾಗೇ ಇನ್ನೊಂದು ಟಪ್ಪೆಂದು ಹಾರಿ ಸಾಹೇಬರ ಬೂಟಿನ ಹತ್ತಿರ ಬಿತ್ತು. ಅವರು ಬಾಗಿ ಎತ್ತಿಕೊಂಡು ಮುರಿದ ಅಂಚನ್ನು ಬೆಳಕಿಗೆ ಹಿಡಿದರು.

"ಓವನ್ನಿನಲ್ಲಿ ಬೇಯಿಸಿದ್ದು ಅಂದ್ರಲ್ಲ?" ಎಂದು ದೊಡ್ಡಪ್ಪನ ಮಗನನ್ನು ಕೇಳಿದರು.

"ಹೌದು ಸಾರ್. ತಗಡೇ ಸರಿ ಇಲ್ಲ ಅನ್ಸುತ್ತೆ. ತಗಡು ಕಳಿಸಿದೋರ್ ತಪ್ಪು."

ಅವನು ತಪ್ಪನ್ನು ಇನ್ಯಾರ ಮೇಲೋ ಹಾಕುವುದರಲ್ಲಿದ್ದ. ಆಗ ನಾನು ಹೊರಗೆ ಬಂದೆ. ಜೀವಮಾನದಲ್ಲಿ ಅಷ್ಟು ನಯವಾಗಿ ನಾನು ಯಾರನ್ನೂ ಮಾತಾಡಿಸಿಲ್ಲ.

"ದೊಡ್ಡಪ್ಪ, ಉರಿ ಕೊಡೋದರಲ್ಲಿ ಈ ಸೀಮೆಯಲ್ಲಿ ನಿಮ್ಮನ್ನ ಬಿಟ್ಟರಿಲ್ಲ. ಈ ಕೊಂಡಿಗೆ ಎಷ್ಟು ಉರಿ ಕೊಟ್ಟಿರಿ?"

"ಅಪ್ಪಾ, ಬ್ಯಾಡ" ಎಂದ ಮಗ ಒಳಗಿಂದ.

ಹೊಗಳಿಕೆ ಕೇಳಿದ ದೊಡ್ಡಪ್ಪನಿಗೆ ಮಗನ ಮಾತು ಕೇಳಿಸಲಿಲ್ಲ. ಕುರ್ಚಿಯಲ್ಲಿ ನೆಟ್ಟಗಾದರು. "ಅಯ್ಯೋ, ಅದೊಂದ್ ಕತೆ ಕಣ್ ಸಾಹೇಬ್ರೆ. ಇವ್ನ ಓವನ್ ಕೆಟ್ ಕುಂತಿತ್ತು. ರಿಪೇರಿಯೋನು ಬೆಂಗ್ಳೂರಿಂದ ಬರ್ಬೇಕು, ಇವ್ನು ತಲೆ ಮ್ಯಾಲ್ ಕೈ ಇಟ್ಕಂಡ್ ಕುಂತವ್ನೆ. ಎಷ್ಟ್ಲಾ ಬಿಸಿ ಬೇಕು ಅಂದೆ. ನೂರ ತೊಂಬತ್ತು ಡಿಗ್ರಿ ಅಂದ. ಅಷ್ಟೇಯಾ? ನಮ್ ಬ್ಯಾರನ್ ಏನ್ ಸತ್ತೋಗದಾ? ಸೊಪ್ಪಿಗೆ ನೂರ ಅರವತ್ತೈದು ದಾಟ್ಸಾಕಿಲ್ಲ ನಾವು. ಇದ್ಕೆ ನೂರ ತೊಂಬತ್ತು ತಂದೆ! ಒಂದ್ ಹಗ್ಲು ಒಂದ್ ರಾತ್ರಿ, ಮುಳ್ಳು ಅಲ್ಲಾಡ್ದಂಗೆ. ನನ್ ತಮ್ಮನ್ ಕೇಳಿ, ಅವ್ನೇ ಒಲೆ ಮುಂದೆ ಕುಂತಿದ್ದು. ಅಂಗ್ ಬೇಯಿಸ್ದೋರು ಇನ್ ಯಾರಾದ್ರೂ ಇದ್ರೆ ತೋರ್ಸಿ."

ಸಾಹೇಬರು ನನ್ನ ಮುಖ ನೋಡಿದರು. ಅವರಿಗೆ ಬ್ಯಾರನ್ನಿನ ಥರ್ಮಾಮೀಟರು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಕ್ಷರ ಕಲಿಯುವ ಮೊದಲೇ ಅದರ ಅಂಕಿ ಓದಲು ಅಪ್ಪ ಕಲಿಸಿದ್ದರು, ಕಿಂಡಿಯ ಹತ್ತಿರ ನನ್ನನ್ನು ಎತ್ತಿ ಹಿಡಿದು.

"ಸರ್, ನಮ್ಮ ಕಡೆ ಬ್ಯಾರನ್ನಿಗೆ ಫ್ಯಾರನ್‌ಹೀಟ್ ಥರ್ಮಾಮೀಟರು" ಎಂದೆ.

ಸಾಹೇಬರು ಕಣ್ಣು ಮುಚ್ಚಿ ತೆರೆದರು.

"ಏನದು?" ಎಂದರು ದೊಡ್ಡಪ್ಪ.

ಶೆಡ್ಡಿನ ಪ್ರೆಸ್ಸು ನಿಂತಿತ್ತು. ಕೆಲಸದವರೆಲ್ಲ ಬಾಗಿಲ ಬಳಿ ಬಂದು ನಿಂತಿದ್ದರು. ಅವರೆಲ್ಲ ಕೇಳುವಂತೆ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಹೌದು, ಬೇಕೆಂದೇ.

"ದೊಡ್ಡಪ್ಪ, ಕೊಂಡಿಗೆ ಬರೆದಿರೋ ನೂರ ತೊಂಬತ್ತು ಬೇರೆ ಲೆಕ್ಕದ್ದು, ಸೆಲ್ಸಿಯಸ್ಸು. ನಿಮ್ಮ ಬ್ಯಾರನ್ನಿನ ನೂರ ತೊಂಬತ್ತು ಅದರಲ್ಲಿ ತೊಂಬತ್ತೂ ಮುಟ್ಟಲ್ಲ. ನೀವು ಒಂದು ಹಗಲು ಒಂದು ರಾತ್ರಿ ಸೌದೆ ಸುಟ್ಟು ತಂದ ಬಿಸಿಯಲ್ಲಿ ಒಂದು ಲೋಟ ಕಾಫಿಗೆ ನೀರು ಕೂಡ ಕುದಿಯಲ್ಲ."

ಯಾರೋ ಕಿಸಕ್ಕೆಂದರು. ಇನ್ನೊಬ್ಬ, "ಕಾಫಿಗೇ ಆಗ್ದಾ?" ಎಂದ. ಅಷ್ಟೇ ಸಾಕಾಯಿತು, ಬಾಗಿಲಲ್ಲಿ ನಿಂತಿದ್ದವರೆಲ್ಲ ನಕ್ಕರು. ದೊಡ್ಡಪ್ಪ ಸುತ್ತ ನೋಡಿದರು. ಯಾವಾಗಲೂ ಅವರು ನಗಿಸುತ್ತಿದ್ದವರು. ತಮ್ಮ ಕಡೆಗೇ ಬಂದ ನಗುವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. ಟವೆಲು ತೆಗೆದು ಮುಖ ಒರೆಸಿಕೊಂಡರು. ನನಗೆ ಕನಿಕರ ಬರಲಿಲ್ಲ. ಬರಬೇಕಾಗಿತ್ತು ಎನ್ನುವವರು ಒಂದು ದಿನ ಆ ಚಪ್ಪರದ ಕೆಳಗೆ ಕೂತು ಸೊಪ್ಪು ಕಟ್ಟಲಿ.

ಮಗ ಹೊರಗೆ ಬಂದ. ಮೇಡಮ್ ಎನ್ನುವುದು ಬಿಟ್ಟುಹೋಗಿತ್ತು. "ತಂಗ್ಯವ್ವ, ಓವನ್ ರಿಪೇರಿ ಆಯ್ತದೆ. ಇನ್ನೊಂದ್ಸಲ ಬೇಯಿಸ್ತೀನಿ. ಇದೇ ಲಾಟ್ನ. ಒಂದು ಅವಕಾಶ ಕೊಡು."

"ಆಗಲ್ಲ. ಲೇಪ ಆದ ಕೂಡಲೆ ಬೇಯಿಸಬೇಕಿತ್ತು. ಈಗ ಒಳಗೆ ಬಿರುಕು ಬಿಟ್ಟಿದೆ. ಬಿರುಕನ್ನ ಯಾವ ಬಿಸಿಯೂ ಹೊಲಿಯಲ್ಲ."

"ಇದು ವೋದ್ರೆ ಕಂಪನಿಯೋರು ಆರ್ಡರೇ ವಾಪಸ್ ತಕತಾರೆ."

"ತಗೋಬಹುದು."

"ನೀನು ಬೇಕಂತ ಮಾಡ್ತಿದ್ದೀಯ."

"ಪರೀಕ್ಷೆ ಬೇಕಂತ ಮಾಡಿಸಿದೆ" ಎಂದೆ. "ಮುರಿದದ್ದು ನಿನ್ನ ಕೊಂಡಿ. ಇದು ಫಿರಂಗಿ ಒಳಗೆ ಮುರಿದಿದ್ದರೆ, ಅಲ್ಲಿ ಕೂತಿರೋ ಹುಡುಗ ಯಾರನ್ನ ಅವಕಾಶ ಕೇಳಬೇಕಿತ್ತು? ನಿನ್ನನ್ನೇ ತಾನೆ? ಓವನ್ ಕೆಟ್ಟಿತ್ತು ಅಂತ ನೆನ್ನೆಯೇ ಹೇಳಬಹುದಿತ್ತು."

ಅವನು ಸಾಹೇಬರ ಕಡೆ ತಿರುಗಿದ. ಸಾಹೇಬರು ಕೈಯಲ್ಲಿದ್ದ ಮುರುಕು ಕೊಂಡಿಯನ್ನು ಅವನ ಅಂಗೈಯಲ್ಲಿಟ್ಟು, "ಬರೀರಿ" ಎಂದು ನನಗೆ ಹೇಳಿದರು.

ಮೇಜಿಲ್ಲದ್ದರಿಂದ ಜೀಪಿನ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆದೆ. ತಪಾಸಣಾ ಪ್ರಮಾಣಪತ್ರ. ಲಾಟು ತಿ‌ರಸ್ಕೃತ. ಕಾರಣ: ಲೇಪದ ನಂತರ ನಿಗದಿತ ಬಿಸಿಯಲ್ಲಿ ಬೇಯಿಸಿಲ್ಲ, ಸರಳಿನ ಪರೀಕ್ಷೆಯಲ್ಲಿ ಕೊಂಡಿಗಳು ಮುರಿದಿವೆ. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಇ. ಎಂದು ಬರೆದೆ. ಸಾಮಾನ್ಯವಾಗಿ ನಾನು ಅದನ್ನು ಬರೆಯುವುದಿಲ್ಲ, ಅಗತ್ಯವೂ ಇಲ್ಲ. ಅವತ್ತು ಬರೆದೆ. ಸಾಹೇಬರು ಅದನ್ನು ನೋಡಿ, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಮುದ್ರೆಯನ್ನು ನಾನೇ ಒತ್ತಿದೆ. ಸರ್ಕಾರದ ಸೀಲು ಮನೆಯಲ್ಲೇ ಇದೆ ಎಂದಿದ್ದರಲ್ಲ, ನೋಡಿಕೊಳ್ಳಲಿ ಎಂದು ಸ್ವಲ್ಪ ಜೋರಾಗಿಯೇ ಒತ್ತಿದೆ.

ಪತ್ರ ಹಿಡಿದುಕೊಂಡು ಹೋದಾಗ ಮಗ ಕೈ ಚಾಚಲಿಲ್ಲ. ಮುರುಕು ಕೊಂಡಿ ಹಿಡಿದು ಬೇರೆ ಕಡೆ ನೋಡುತ್ತಿದ್ದ. ಶೆಡ್ಡು ದೊಡ್ಡಪ್ಪನ ಹೆಸರಿನಲ್ಲಿದ್ದದ್ದರಿಂದ ನಾನು ಕುರ್ಚಿಯ ಮುಂದೆ ಹೋಗಿ ನಿಂತು, ಎರಡೂ ಕೈಯಿಂದ ಅವರಿಗೆ ಕೊಟ್ಟೆ. ಹಿರಿಯರಿಗೆ ಕೊಡುವ ಹಾಗೆಯೇ ಕೊಟ್ಟೆ. ದೊಡ್ಡಪ್ಪ ತೆಗೆದುಕೊಂಡರು. ಓದಲು ಹೋಗಲಿಲ್ಲ. ನಾಲ್ಕಾಗಿ ಮಡಚಿ ಜೇಬಿಗೆ ತುರುಕಿ ಕುರ್ಚಿಯಿಂದ ಎದ್ದರು.

"ವೋದ್ರೆ ವೋಗ್ಲಿ ಬುಡು, ಇನ್ನೊಂದ್ ಲಾಟ್ ಮಾಡ್ಸಿದ್ರಾಯ್ತು" ಎಂದರು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಹಿಂದಕ್ಕೆ ತಿರುಗದೆಯೇ ಅಪ್ಪನಿಗೆ ಹೇಳಿದರು. "ನಡಿಯೋ. ಸೌದೆ ಜೋಡ್ಸು. ಈ ಸತಿ ಇವ್ರು ಯೋಳ್ದಷ್ಟು ಬಿಸಿ ನಮ್ ಬ್ಯಾರನ್ನಲ್ಲೇ ತೋರ್ಸನ."

ದೊಡ್ಡಪ್ಪ ನಾಲ್ಕು ಹೆಜ್ಜೆ ಹೋದರು. ಹಿಂದೆ ಕಾಲ ಸದ್ದು ಕೇಳದೆ ನಿಂತು ತಿರುಗಿ ನೋಡಿದರು. ಅಪ್ಪ ಇದ್ದಲ್ಲೇ ಇದ್ದರು. ಕುರ್ಚಿ ಖಾಲಿಯಾಗಿತ್ತು, ಅಪ್ಪ ಅದನ್ನು ಎಳೆದುಕೊಂಡು, ಕೂತು, ಚಪ್ಪಲಿಯ ಮಣ್ಣು ಕೊಡವಿದರು.

"ನೀವ್ ಓಗಿ ಹಚ್ಕಳಿ ಅಣ್ಣ" ಎಂದರು. "ನಾನ್ ಬರಾಕಿಲ್ಲ. ನನ್ ಮಗ್ಳು ಬುತ್ತಿ ತಂದವ್ಳೆ, ಉಣ್ಬೇಕು."